ತೊಂಬತ್ತನಾಲ್ಕು ಡಿಗ್ರಿ

ತಬ್ರೇಜ್ ಫೋನಿನಲ್ಲಿ ಹೇಳಿದ್ದು ಇಷ್ಟೇ:
"ಅಕ್ಕಾ, ಮದುಮಗಳು ಹಾರ ಎತ್ತುತ್ತಾಳೆ,
ಸ್ಕ್ರೀನು ಕಪ್ಪಾಗುತ್ತೆ.
ಮೂರು ದಿನದಿಂದ ಆ ಹಾರ
ಕೊರಳಿಗೆ ಬಿದ್ದಿಲ್ಲ."

ಶಿಡ್ಲಘಟ್ಟ, ದಿಬ್ಬೂರಹಳ್ಳಿ ರಸ್ತೆ.
ಕೆಳಗೆ ಗೂಡು ಬೇಯಿಸಿ ನೂಲು ತೆಗೆಯುವ ಮನೆ,
ಮೇಲೆ ಮದುವೆ ವಿಡಿಯೋ ಜೋಡಿಸುವ ಕೋಣೆ.
ಮೆಟ್ಟಿಲು ಹತ್ತುವಾಗಲೇ ಹಬೆ ಬಂದು
ಕನ್ನಡಕದ ಮೇಲೆ ಕೂತಿತು.
ಬೆಂದ ಹುಳುವಿನ ವಾಸನೆ ಇವರಿಗೆ ವಾಸನೆಯೇ ಅಲ್ಲ;
ಹತ್ತು ನಿಮಿಷ ಕಳೆದರೆ ನನಗೂ.

ಗ್ರಾಫಿಕ್ಸ್ ಕಾರ್ಡು ತೊಂಬತ್ತನಾಲ್ಕಕ್ಕೆ ಏರಿ ನಿಂತಿತ್ತು.
ಎರಡು ಫ್ಯಾನು. ಒಂದು ಅರಚುತ್ತಿತ್ತು,
ಇನ್ನೊಂದು ಸುಮ್ಮನಿತ್ತು.
ಸುಮ್ಮನಿದ್ದದ್ದನ್ನು ಮೊದಲು ನೋಡಬೇಕು.
ನಮ್ಮ ಮನೆಯ ಊಟದ ಹೊತ್ತಿಗೂ ಇದೇ ಲೆಕ್ಕ.

ಪ್ಲಗ್ಗು ಕಿತ್ತೆ. ಪಕ್ಕದ ತಗಡು ಸರಿಸಿದೆ.
ಕೊಂಡಿ ಒತ್ತಿ ಕಾರ್ಡು ಬಿಡಿಸಿ
ಟವೆಲ್ಲಿನ ಮೇಲೆ ಬೋರಲು ಮಲಗಿಸಿ
ಸ್ಕ್ರೂಗಳನ್ನು ಟೀ ಬಸಿಗೆ ಹಾಕಿದೆ.
ಹನ್ನೊಂದು.

ಧೂಳು ಅಂದುಕೊಂಡಿದ್ದೆ.
ಧೂಳಲ್ಲ.
ಅಲ್ಯೂಮಿನಿಯಂ ಹಲ್ಲುಗಳ ಸಂದಿಯಲ್ಲಿ
ತೆಳು ಹಳದಿಯ ಮೆತ್ತೆ, ಗೂಡಿನ ಮೈಮೇಲಿನ
ಆ ಹಗುರ ನಾರು.
ಸುಮ್ಮನಿದ್ದ ಫ್ಯಾನಿನ ನಡುವಿಗೆ
ಸುತ್ತು, ಸುತ್ತು, ಸುತ್ತಿನ ಮೇಲೆ ಸುತ್ತು
ಎಳೆ.
ಎರಡು ವರ್ಷ ಇದು ಗಾಳಿ ಬೀಸಿಲ್ಲ,
ಸದ್ದಿಲ್ಲದೆ ನೂಲು ತೆಗೆದಿದೆ.

ತಬ್ರೇಜ್ ಕತ್ತರಿ ತಂದ.
"ಕತ್ತರಿ ಬೇಡ" ಅಂದರು ಬಾಗಿಲಲ್ಲಿ
ಕೈ ಒರೆಸಿಕೊಳ್ಳುತ್ತ ನಿಂತಿದ್ದ ಮೆಹರುನ್ನೀಸಾ,
ಅವನ ತಾಯಿ. ಇಪ್ಪತ್ತೆರಡು ವರ್ಷದ ಬಿಸಿನೀರಿಗೆ
ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರ ಅವರನ್ನು
ಅವರೇ ಎಂದು ಒಪ್ಪುವುದಿಲ್ಲ.

ಕೂತರು. ಫ್ಯಾನನ್ನು ಮಂಡಿಯ ಮೇಲಿಟ್ಟು
ಉಗುರಿನಲ್ಲಿ ತುದಿ ಹುಡುಕಿದರು.
"ತುದಿ ಇಲ್ಲದ ಎಳೆ ಇಲ್ಲ ಬೇಟಿ,
ಹುಡುಕೋರಿಗೆ ಪುರಸೊತ್ತಿರಲ್ಲ ಅಷ್ಟೇ."
ಎಡಗೈ ಹಿಂದಕ್ಕೆ ತಿರುಗಿಸಿತು,
ಬಲಗೈ ಎಳೆಯಿತು.
ಬಂತು. ಇನ್ನೂ ಬಂತು.
ಮೂವರೂ ಮಾತು ಬಿಟ್ಟಿದ್ದೆವು.
ಕಡೆಗೆ ನೆಲ್ಲಿಕಾಯಿ ಗಾತ್ರದ ಉಂಡೆ.
"ಮಾರ್ಕೆಟ್ಟಲ್ಲಿ ಇದಕ್ಕೆ ರೇಟಿಲ್ಲ" ಅಂದರು,
ಅಂದು ಸೆರಗಿಗೆ ಗಂಟು ಹಾಕಿಕೊಂಡರು.

ಇನ್ನು ನನ್ನ ಸರದಿ.
ಚಿಪ್‌ನ ಮೇಲಿನ ಪೇಸ್ಟು ಒಣಗಿ
ಬಿರುಕು ಬಿಟ್ಟ ಸುಣ್ಣದಂತಿತ್ತು.
ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ
ಸ್ಪಿರಿಟ್ಟಿನಲ್ಲಿ ಒರೆಸಿದೆ.
ಹೊಸದು ತೊಗರಿಬೇಳೆಯಷ್ಟು, ಅವರೆಕಾಳಿನಷ್ಟಲ್ಲ.
ಹೆಚ್ಚಾದರೆ ಅಂಚಿಗೆ ಉಕ್ಕುತ್ತದೆ,
ಕಮ್ಮಿಯಾದರೆ ನಡುವೆ ಗಾಳಿ ಕೂರುತ್ತದೆ.
"ನಮ್ಮ ನೀರೂ ಹಾಗೇ" ಅಂದರು ಆಕೆ,
"ತಣ್ಣಗಿದ್ದರೆ ಎಳೆ ಬಿಡಲ್ಲ, ಕುದ್ದರೆ ತುಂಡು."
ಎಷ್ಟು ಡಿಗ್ರಿ, ಕೇಳಿದೆ.
ತೋರುಬೆರಳು ತೋರಿಸಿದರು.

ಸ್ವಿಚ್ಚು.
ಐವತ್ತೆಂಟು. ಅರವತ್ತಾರು. ಎಪ್ಪತ್ತೊಂದು.
ಎಪ್ಪತ್ತೊಂದು.
ಮದುಮಗಳು ಹಾರ ಎತ್ತಿದಳು, ಹಾಕಿದಳು,
ಯಾರದೋ ಕೈಯ ಅಕ್ಷತೆ ಕ್ಯಾಮೆರಾಗೇ ಬಿತ್ತು.
ತಬ್ರೇಜ್ ಅದೊಂದನ್ನೂ ನೋಡಲಿಲ್ಲ,
ಅವನ ಕಣ್ಣು ಮೂಲೆಯ ಅಂಕಿಯ ಮೇಲೆ.

ಕೆಳಗಿನ ಒಲೆ ಆರುವುದಿಲ್ಲ, ಅಂದೆ,
ನಾಲ್ಕು ತಿಂಗಳಿಗೆ ಮತ್ತೆ ಸುತ್ತಿಕೊಳ್ಳುತ್ತದೆ,
ಇದನ್ನು ಕಿಟಕಿಯ ಹತ್ತಿರಕ್ಕೆ ಹಾಕು.
ಕಿಟಕಿಯ ಕೆಳಗೆ ತಾಯಿಯ ಹಾಸಿಗೆ.
ಅವನು ಆ ಕಡೆ ನೋಡಿದ.
"ನನ್ನ ಜಾಗ ಕೇಳಬೇಡಿ" ಅಂದರು ಮೆಹರುನ್ನೀಸಾ,
"ಹಳೇ ಸೊಳ್ಳೆಪರದೆ ಇದೆ,
ಅದರ ಮೂತಿಗೆ ಕಟ್ತೀನಿ."
ನಾನೇ ಹೇಳಬೇಕಿದ್ದ ಉಪಾಯ.

ಮುನ್ನೂರು ರೂಪಾಯಿ, ಒಂದು ಟೀ.
ಬಸಿ ಎತ್ತಿದಾಗ ತಳದಲ್ಲಿ
ಒಂದು ಸ್ಕ್ರೂ ಉಳಿದಿತ್ತು.
ಮೇಲೆ ಫ್ಯಾನುಗಳೆರಡೂ ಮೆಲ್ಲಗೆ
ಒಂದೇ ದನಿಯಲ್ಲಿ ತಿರುಗುತ್ತಿದ್ದವು;
ಹೇಳಲು ಬಾಯಿ ಬರಲಿಲ್ಲ.

ಮೆಟ್ಟಿಲಿಳಿದು ರಸ್ತೆ ದಾಟುವವರೆಗೂ
ಮುಷ್ಟಿ ಬಿಚ್ಚಿರಲಿಲ್ಲ.
ಬಿಚ್ಚಿದರೆ ಹನ್ನೊಂದನೆಯದು,
ಬೆಚ್ಚಗೆ.